ಬಂಡೆಯ ಮೇಲಿನ ಕೆಂಪು ಬಾಣ

ಭಾನುವಾರ ಬಂತೆಂದರೆ ಗಿರಿಜಾದೇವಿಗೆ ಮನೆಯಲ್ಲಿ ಕೂತಿರಲು ಆಗುತ್ತಿರಲಿಲ್ಲ. ವಾರವೆಲ್ಲ ರಾಜಾಜಿನಗರದ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಗಳ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಅವೇ ಗೆರೆಗಳನ್ನು ಇಂಕಿನಲ್ಲಿ ತೀಡುವುದು ಅವಳ ಕೆಲಸ. ಕೈ ಅಲುಗಬಾರದು, ಉಸಿರನ್ನೂ ಜೋರಾಗಿ ಬಿಡಬಾರದು. ವಾರವಿಡೀ ಹಾಗೆ ಬಿಗಿಹಿಡಿದ ಮೈ ಭಾನುವಾರ ಬೆಳಗಾಗುತ್ತಲೇ, ಏಳು, ಎಲ್ಲಿಗಾದರೂ ಹೋಗು ಎಂದು ಪೀಡಿಸುತ್ತಿತ್ತು.

ವಿಜಯನಗರದ ಮನೆಯಲ್ಲಿ ಇದ್ದವರು ಮೂವರೇ. ಗಂಡ ಜಂಬಣ್ಣ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ರಜೆಯ ದಿನ ಅವನಿಗೆ ಪೇಪರು, ರೇಡಿಯೋ, ಊಟವಾದ ಮೇಲೊಂದು ನಿದ್ದೆ ಇದ್ದರೆ ಬೇರೇನೂ ಬೇಕಿರಲಿಲ್ಲ. ಅತ್ತೆ ಶಾಂತವ್ವ ಗದಗಿನ ಕಡೆಯಿಂದ ಬಂದು ಎರಡು ವರ್ಷವಾಗಿದ್ದರೂ ಬೆಂಗಳೂರಿನ ಜೊತೆ ರಾಜಿಯಾಗಿರಲಿಲ್ಲ. ಗಿರಿಜಾಳ ಮದುವೆಯಾಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆ ಮಾತನ್ನು ಮೂವರೂ ಎತ್ತುತ್ತಿರಲಿಲ್ಲ. ಎತ್ತದೆ ಉಳಿದ ಮಾತು ಮನೆಯಲ್ಲಿ ಅಡ್ಡಡ್ಡ ನಿಂತಂತೆ ಅವಳಿಗೆ ಅನಿಸುತ್ತಿತ್ತು.

ಮೊದಮೊದಲು ಅವಳು ಹತ್ತಿರದಲ್ಲೇ ಸುತ್ತಿದಳು. ಹೊಸದಾಗಿ ಮನೆಗಳು ಏಳುತ್ತಿದ್ದ ಆರ್‌ಪಿಸಿ ಲೇಔಟಿನ ಮಣ್ಣು ದಾರಿಗಳು, ಟೋಲ್‌ಗೇಟು, ಅಲ್ಲಿಂದ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆಯ ರಾಗಿ ಹೊಲಗಳವರೆಗೆ. ಎಷ್ಟು ನಡೆದರೂ ಇನ್ನಷ್ಟು ದೂರ ಹೋಗಬೇಕಿತ್ತು ಅನಿಸಿಯೇ ತಿರುಗಿ ಬರುತ್ತಿದ್ದಳು. ಒಂದು ಬೆಳಿಗ್ಗೆ ಸುಂಕದಕಟ್ಟೆಯಾಚೆಯ ಏರಿನ ಮೇಲೆ ನಿಂತಾಗ ಪಡುವಣ ದಿಕ್ಕಿನಲ್ಲಿ ಬೂದುನೀಲಿಯಾಗಿ ಒಂದು ಬೋಳು ಬೆಟ್ಟದ ತಲೆ ಕಂಡಿತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದಳು. "ಅದಾ? ಸಾವನದುರ್ಗ ಕಣಮ್ಮ" ಎಂದಳು ಆಕೆ.

ಮಾರನೆಯ ದಿನ ಅದನ್ನು ಇಂದ್ರಮ್ಮನಿಗೆ ಹೇಳಿದಳು. ಇಂದ್ರಮ್ಮ ಅದೇ ಆಫೀಸಿನ ಟೈಪಿಸ್ಟ್. ನಲವತ್ತು ದಾಟಿದ, ಗಟ್ಟಿ ಮೈಯ, ಗಟ್ಟಿ ಗಂಟಲಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ರಾಜಾಜಿನಗರದ ಅಣ್ಣನ ಮನೆಯ ಹಿತ್ತಿಲ ಕೋಣೆಯಲ್ಲಿದ್ದಳು.

"ಬೆಟ್ಟಕ್ಕೆ ಹೋಗೋದಾ? ಅಲ್ಲೇನಿದೆಯೇ?"

"ಏನೂ ಇಲ್ಲ. ಹೊಳೆ ದಾಟಿ, ಕಾಡಲ್ಲಿ ನಡೀತಾ ಬೆಟ್ಟದ ಬುಡಕ್ಕೆ ಹೋಗೋದು. ಅಷ್ಟೇ."

"ಸುಮ್ನೆ ನಡೆಯೋದಾ?"

"ಸುಮ್ನೆ."

ಇಂದ್ರಮ್ಮ ಟೈಪ್‌ರೈಟರಿಗೆ ಹೊದಿಕೆ ಹಾಕುತ್ತಾ ಸ್ವಲ್ಪ ಯೋಚಿಸಿದಳು. "ಭಾನುವಾರ ಪೂರ್ತಿ ನಮ್ಮತ್ತಿಗೆ ಮುಖ ನೋಡೋದಕ್ಕಿಂತ ವಾಸಿ. ಬರ್ತೀನಿ ಕಣೇ."

ಗಿರಿಜಾ ಬಿಳಿ ಕ್ಯಾನ್ವಾಸ್ ಬೂಟು ಕೊಂಡು ತಂದಳು. ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಹೊರಟಾಗ ಶಾಂತವ್ವ ಬಾಗಿಲಲ್ಲೇ ತಡೆದಳು.

"ಹೊಲಕ್ಕ ಹೋಗ್ತಾರ, ಜಾತ್ರಿಗೆ ಹೋಗ್ತಾರ, ತವರಮನಿಗೆ ಹೋಗ್ತಾರ. ನೀ ಎಲ್ಲಿಗೂ ಅಲ್ಲದ ಹೊಂಟಿಯಲ್ಲವಾ! ಒಂದ್ ಕಡೆ ಕುಂದ್ರಾಕ ಆಗಂಗಿಲ್ಲೇನ್ ನಿನಗ?"

"ಆಗಲ್ಲ ಅತ್ತೆ" ಎಂದಳು ಗಿರಿಜಾ. ಅದು ನಿಜವಾಗಿತ್ತು.

ಒಳಗಿನಿಂದ ಜಂಬಣ್ಣ ಪೇಪರು ಕೆಳಗಿಳಿಸದೆಯೇ ಹೇಳಿದ. "ಹೋಗಿ ಬರ್ಲಿ ಬಿಡವ್ವ. ಕತ್ತಲಾಗೂದ್ರಾಗ ಬಂದ್ರ ಸಾಕು."

ಹೀಗೆ ಆ ನಡಿಗೆ ಶುರುವಾಯಿತು. ತಾವರೆಕೆರೆಯ ಹತ್ತಿರ ಬಸ್ಸಿಳಿದು, ಹೊಲಗಳ ನಡುವಿನ ಬಂಡಿದಾರಿಯಲ್ಲಿ ಇಳಿಯುತ್ತಾ ಹೋದರೆ ಅರ್ಕಾವತಿ. ಮಳೆಗಾಲ ಕಳೆದ ಮೇಲೆ ಹೊಳೆ ಬಂಡೆಗಳ ನಡುವೆ ಸೀಳಿ ಸೀಳಿ ಹರಿಯುತ್ತಿತ್ತು. ಮೊಣಕಾಲು ಮುಳುಗುವಷ್ಟು ನೀರಿರುವ ಕಡೆ ದಾಟಬಹುದಿತ್ತು. ಆಚೆ ದಡದಲ್ಲಿ ಮಾವಿನಮಡು ದೊಡ್ಡಿ ಎಂಬ ನಾಲ್ಕಾರು ಮನೆಗಳ ಹಳ್ಳಿ. ಅಲ್ಲಿಂದ ದಾರಿ ಕುರುಚಲು ಕಾಡಿನೊಳಗೆ ಏರಿ, ಒಂದು ದಿಣ್ಣೆಯ ಬೆನ್ನು ದಾಟಿ, ಬಿದಿರ ಮೆಳೆಗಳ ನಡುವೆ ನುಗ್ಗಿ ಬೆಟ್ಟದ ಬುಡ ಸೇರುತ್ತಿತ್ತು.

ದೊಡ್ಡಿಯ ಮೊದಲ ಮನೆ ಮುನಿವೆಂಕಟಪ್ಪನದು. ಅವನ ಹೆಂಡತಿ ಪಾಪಮ್ಮ ಮೊದಲ ಸಲವೇ ಈ ಇಬ್ಬರು ಹೆಂಗಸರನ್ನು ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಅವರ ಮಗಳು ಮುನಿತಾಯಮ್ಮ ಬಾಗಿಲ ಹಿಂದಿನಿಂದ ಗಿರಿಜಾಳ ಬೂಟುಗಳನ್ನೇ ನೋಡುತ್ತಿದ್ದಳು. ಅವಳಿಗೆ ದಿಣ್ಣೆಯಾಚೆಯ ಪಾಳ್ಯದ ಬೈಲಪ್ಪ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಪಾಪಮ್ಮ ಅದನ್ನು ಎರಡೆರಡು ಸಲ ಹೇಳಿದಳು.

"ನೀವು ಯಾರ್ ಮನೆಗೆ ಹೋಯ್ತಿದ್ದೀರಿ?" ಎಂದು ಅವಳು ಕೇಳಿದಾಗ ಇಂದ್ರಮ್ಮ, "ಬೆಟ್ಟದ ದೇವ್ರಿಗೆ" ಎಂದುಬಿಟ್ಟಳು. ಸುಮ್ಮನೆ ನಡೆಯುತ್ತಿದ್ದೇವೆ ಎಂದು ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರು ಬಿದಿರ ಮೆಳೆಯಲ್ಲಿ ದಾರಿ ತಪ್ಪಿದರು. ದನಗಳ ಜಾಡು ಹಿಡಿದು ಹೋಗಿ ಹೋಗಿ ಮತ್ತೆ ಅದೇ ಹುತ್ತದ ಮುಂದೆ ಬಂದು ನಿಂತರು. ಇಂದ್ರಮ್ಮನ ಸೆರಗು ಮುಳ್ಳಿಗೆ ಹರಿಯಿತು. ಕೊನೆಗೆ ಒಬ್ಬ ಜೇನು ಕೀಳುವವನು ಸಿಕ್ಕಿ ದಾರಿಗೆ ಹಚ್ಚಿದ.

ಈ ಕಥೆಯನ್ನು ಇಂದ್ರಮ್ಮ ಕ್ಯಾಂಟೀನಿನಲ್ಲಿ ರಸವತ್ತಾಗಿ ಹೇಳಿದ್ದೇ ತಡ, ಕಾರ್ಖಾನೆಯ ರಿಕ್ರಿಯೇಷನ್ ಕ್ಲಬ್ಬಿನವರಿಗೆ ಹುಕಿ ಬಂತು. ಕ್ರಿಸ್‌ಮಸ್ ರಜೆಗೆ ಎಲ್ಲರನ್ನೂ ಅದೇ ದಾರಿಯಲ್ಲಿ ಕರೆದುಕೊಂಡು ಹೋಗೋಣ, ಆದರೆ ಅಷ್ಟೊಂದು ಜನ ದಾರಿ ತಪ್ಪಬಾರದು, ಮೊದಲೇ ಗುರುತು ಮಾಡಬೇಕು ಎಂದರು. "ನಾನು ಮಾಡ್ತೀನಿ" ಎಂದು ಗಿರಿಜಾ ಎದ್ದು ನಿಂತಾಗಿತ್ತು. ಯಾರೂ ಬೇಡ ಅನ್ನಲಿಲ್ಲ. ಪೇಂಟ್ ಶಾಪಿನಿಂದ ರೆಡ್ ಆಕ್ಸೈಡ್ ಬಣ್ಣದ ಒಂದು ಡಬ್ಬವೂ ಸಿಕ್ಕಿತು.

ಆ ಭಾನುವಾರದಷ್ಟು ಸಂತೋಷದಿಂದ ಅವಳು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಹೊಳೆಯ ದಡದ ಬಂಡೆ, ದಾರಿ ಕವಲೊಡೆಯುವ ಕಡೆಯ ಕಲ್ಲು, ದಿಣ್ಣೆಯ ಮೇಲಿನ ಒಂಟಿ ಗುಂಡುಕಲ್ಲು, ಕಣ್ಣಿಗೆ ಬೀಳುವ ಕಡೆಯಲ್ಲೆಲ್ಲ ಅಂಗೈಯಗಲದ ಬಾಣ ಬರೆದಳು. ಯಾರೂ ಪೆನ್ಸಿಲಿನಲ್ಲಿ ಮೊದಲೇ ಗೀಚಿಟ್ಟಿರದ ಗೆರೆಗಳು. ದೊಡ್ಡಿಯಲ್ಲಿ ಆ ದಿನ ಯಾರೂ ಇರಲಿಲ್ಲ, ಸಂತೆಗೆ ಹೋಗಿದ್ದಿರಬೇಕು. ಮುನಿವೆಂಕಟಪ್ಪನ ಕಣದ ಪಕ್ಕದ ಹೆಬ್ಬಂಡೆ ದೂರಕ್ಕೇ ಕಾಣುವಂತಿತ್ತು. ಅದರ ಮೇಲೆ ಎಲ್ಲಕ್ಕಿಂತ ದೊಡ್ಡ ಬಾಣ ಬರೆದಳು.

"ಕೇಳ್ದೆ ಬರೀಬೋದೇನೇ?" ಎಂದಳು ಇಂದ್ರಮ್ಮ.

"ಬಂಡೆ ತಾನೆ. ಬಂದಾಗ ಹೇಳಿದ್ರಾಯ್ತು."

ಮುಂದಿನ ವಾರ ಉಳಿದ ದಾರಿಗೆಂದು ಇನ್ನೊಂದು ಡಬ್ಬ ಬಣ್ಣ ತೆಗೆದುಕೊಂಡು ಹೋದಾಗ ಹೊಳೆಯ ಈಚೆಗಿದ್ದ ಬಾಣಗಳೆಲ್ಲ ಮಾಯವಾಗಿದ್ದವು. ಕೆಲವಕ್ಕೆ ಸಗಣಿ ಮೆತ್ತಿದ್ದರು, ಕೆಲವನ್ನು ಕಲ್ಲಿನಿಂದ ಉಜ್ಜಿದ್ದರು. ಗಿರಿಜಾಳಿಗೆ ಸಿಟ್ಟು ಬಂತು. ಯಾರೋ ಪುಂಡರು ಎಂದುಕೊಂಡು ಹೊಳೆಯ ಈಚೆ ದಡದಲ್ಲೇ ದಿನವೆಲ್ಲ ಕಳೆದು, ಸಗಣಿ ಕೆರೆದು ಅವುಗಳ ಮೇಲೆಯೇ ಮತ್ತೆ ಬರೆದಳು. ಕಣದ ಬಂಡೆಯ ಕಡೆಗೆ ಹೋಗಲು ಹೊತ್ತೇ ಉಳಿಯಲಿಲ್ಲ. ವಾರವೆಲ್ಲ ಆಫೀಸಿನಲ್ಲಿ ಅವಳಿಗೆ ಅದೇ ಯೋಚನೆ. ಎರಡು ಸಲ ಇಂಕು ಚೆಲ್ಲಿ ಟ್ರೇಸಿಂಗ್ ಹಾಳಾಗಿ ಬೈಸಿಕೊಂಡಳು.

ಅದರ ಮುಂದಿನ ಭಾನುವಾರ ಹೊಳೆ ದಾಟಿ ದೊಡ್ಡಿಗೆ ಬಂದರೆ ಪಾಪಮ್ಮ ಜಗುಲಿಯಲ್ಲಿ ತಲೆಗೆ ಕೈಹೊತ್ತು ಕೂತಿದ್ದಳು. ಮಜ್ಜಿಗೆ ಬೇಕಾ ಎಂದು ಕೇಳಲಿಲ್ಲ. ಒಳಗೆ ಯಾರೋ ಅತ್ತು ಅತ್ತು ಬಿಕ್ಕುತ್ತಿದ್ದ ಸದ್ದು ಬರುತ್ತಿತ್ತು.

"ಏನಾಯ್ತು ಪಾಪಮ್ಮ?"

"ಇನ್ನೇನಾಗ್ಬೇಕವ್ವ. ಮಗಳ ಮದ್ವೆ ಮುರ್ದೋಯ್ತು."

ಮುನಿವೆಂಕಟಪ್ಪ ಎದ್ದು ಬಂದು ಕಣದ ಬಂಡೆಯ ಕಡೆಗೆ ಕೈ ತೋರಿಸಿದ. "ನೋಡಿ ಅಲ್ಲಿ. ಹೊಳೆಗೆ ಕೆಳಗೆಲ್ಲೋ ಕಟ್ಟೆ ಕಟ್ತಾರಂತೆ ಅಂತ ಆಗ್ಲಿಂದ್ಲೂ ಮಾತಿತ್ತು. ಈಗ ಸರ್ಕಾರ್‌ದೋರು ಬಂದು ಗುರ್ತಾಕವ್ರೆ. ನೀರು ಇಲ್ಲೀಗಂಟ ಬತ್ತದಂತೆ. ಹಿಂದೆ ಮೇಲ್ಗಡೆ ಕಟ್ಟೆ ಕಟ್ದಾಗ ನಮ್ಮಜ್ಜಿ ಮನೆ ಹೊಲ ಹೋಯ್ತು. ಆವಾಗ್ಲೂ ಹಿಂಗೇ, ಮೊದ್ಲು ಕಲ್ ಮ್ಯಾಲೆ ಗುರ್ತು, ಆಮ್ಯಾಕೆ ನೋಟೀಸು. ಹೊಳೆಯಾಚಿನೋರು ರೊಚ್ಚಿಗೆದ್ದು ಅಳುಸ್ಬುಟ್ರು. ನಾನೇ ಬ್ಯಾಡ ಅಂದೆ. ಸರ್ಕಾರದ ಗುರ್ತು ಅಳ್ಸಿದ್ರೆ ಜೈಲಿಗಾಕ್ತಾರೆ. ಅಳ್ಸಿದ್ ಕಡೆನೂ ಮತ್ತೆ ಬಂದು ಬರ್ದವ್ರೆ ನೋಡಿ!"

"ಮದುವೆ ಯಾಕೆ ಮುರೀತು?" ಎಂದಳು ಗಿರಿಜಾ.

"ಮುಳುಗೋಗೋ ಮನೆ ಹೆಣ್ಣು ಯಾಕೆ ಅಂದ್ರಂತೆ ಗಂಡಿನ್ ಅಪ್ಪ. ಇರೋದು ಒಬ್ಳೇ ಮಗಳು, ಹೊಲ ಅವ್ಳಿಗೆ ಅಂತ್ಲೇ ಅಲ್ವಾ ಅವ್ರು ಬಂದಿದ್ದು."

ಇಂದ್ರಮ್ಮ ಗಿರಿಜಾಳ ರಟ್ಟೆ ಹಿಡಿದು ಮೆಲ್ಲನೆ ಹಿಂದಕ್ಕೆ ಎಳೆದಳು. ಬೇಲಿಯ ತನಕ ಬಂದ ಮೇಲೆ ಪಿಸುಗುಟ್ಟಿದಳು. "ಬಾಯಿ ಬಿಡಬೇಡ. ಇವತ್ತು ಎಲ್ಲ ಅಳಿಸಿಬಿಟ್ಟು ಹೋಗೋಣ. ಗುರುತು ಇಲ್ಲ ಅಂದ್ಮೇಲೆ ಅವ್ರೇ ಸರಿಹೋಗ್ತಾರೆ."

ಗಿರಿಜಾ ಬೇಲಿ ದಾಟಿ ದಾರಿಗಿಳಿದಳು. ಕಾಲು ತಾನಾಗಿ ಕಾಡಿನ ಕಡೆಗೆ ಹೊರಟಿತು. ಒಂದಷ್ಟು ದೂರ ಹೋದಳು ಕೂಡ. ಆಮೇಲೆ ತಿರುಗಿ, ಬಿರಬಿರನೆ ನಡೆದು ಬಂದು ಜಗುಲಿಯ ಮುಂದೆ ನಿಂತಳು.

"ಆ ಗುರುತು ಸರ್ಕಾರದ್ದಲ್ಲ. ನಾನು ಬರೆದದ್ದು."

ಮುನಿವೆಂಕಟಪ್ಪನಿಗೆ ಅರ್ಥವಾಗಲಿಲ್ಲ. "ನೀವು ಸರ್ಕಾರ್‌ದೋರಾ?"

"ಅಲ್ಲ. ನಮ್ಮ ಆಫೀಸಿನ ಜನ ರಜೆಗೆ ಇಲ್ಲಿ ನಡೆಯೋಕೆ ಬರ್ತಾರೆ. ದಾರಿ ತಪ್ಪದೇ ಇರ್ಲಿ ಅಂತ ಬಾಣ ಬರೆದೆ. ನೀರಿಗೂ ಅದಕ್ಕೂ ಸಂಬಂಧ ಇಲ್ಲ."

"ನಡೆಯೋಕೆ ಬರ್ತಾರಾ? ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ."

ಪಾಪಮ್ಮ ಎದ್ದಳು. ಅವಳ ಮುಖದ ಮೇಲೆ ಮೊದಲು ಬಂದದ್ದು ಸಿಟ್ಟಲ್ಲ, ದಿಗ್ಭ್ರಮೆ. ಸಿಟ್ಟು ಆಮೇಲೆ ಬಂತು. "ನಾನ್ ನಿಂಗೆ ಮಜ್ಜಿಗೆ ಕೊಟ್ನಲ್ಲವ್ವ! ಒಂದ್ ಮಾತು ಕೇಳ್ಬಾರ್ದಾಗಿತ್ತಾ? ನಿಮ್ಗೇನ್ ಮನೆ ಮಠ ಇಲ್ವಾ? ಮಾಡೋಕ್ ಬ್ಯಾರೆ ಕೆಲ್ಸ ಇಲ್ವಾ?"

ಗಿರಿಜಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಪಾಪಮ್ಮನ ಉಸಿರು ಒಂದಿಷ್ಟು ತಗ್ಗಿದ ಮೇಲೆ ಹೇಳಿದಳು. "ಗಂಡಿನ ಮನೆಗೆ ಕರ್ಕೊಂಡು ಹೋಗಿ. ಅವರ ಹತ್ರ ನಾನೇ ಹೇಳ್ತೀನಿ. ಈಗಲೇ ಹೋಗೋಣ."

ಮುನಿವೆಂಕಟಪ್ಪ ಬರಲು ಒಪ್ಪಲಿಲ್ಲ. ಬೇಡ ಅಂದವರ ಹೊಸ್ತಿಲಿಗೆ ಮತ್ತೆ ಹೋಗುವುದು ಅವನಿಗೆ ಅವಮಾನ. ಪಾಪಮ್ಮ ಒಂದು ಗಳಿಗೆ ಗಂಡನನ್ನೂ ಒಳಬಾಗಿಲನ್ನೂ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಹೊರಟೇಬಿಟ್ಟಳು.

ದಾರಿಯಲ್ಲಿ ಅವಳು ಬಿರುಸಾಗಿ ಹೆಜ್ಜೆ ಹಾಕಿದಳು. ಅವಳ ಹಿಂದೆ ನಡೆಯುವುದೇ ಗಿರಿಜಾಳಿಗೆ ಕಷ್ಟವಾಯಿತು. ಇಂದ್ರಮ್ಮನಂತೂ ಏದುಸಿರು ಬಿಡುತ್ತಾ ಬಹಳ ಹಿಂದೆ ಉಳಿದಳು. ದಿಣ್ಣೆ ಏರುವಾಗ ಒಂದು ಕಲ್ಲಿನ ಮೇಲೆ ಬಾಣ ಕಂಡಿತು. ಪಾಪಮ್ಮ ನಿಂತಳು.

"ಇದೂ ನಿಂದೇಯಾ?"

"ಹೂಂ."

ಇನ್ನೊಂದು ತಿರುವು. "ಇದೂವಾ?"

"ಹೂಂ."

ಬಿಸಿಲು ಏರಿತ್ತು. ಜಾಲಿಗಿಡಗಳ ನಡುವೆ ಸಣ್ಣ ಹಕ್ಕಿಗಳು ಚಿಲಿಪಿಲಿಗುಟ್ಟುತ್ತಿದ್ದವು. ಕೆಳಗೆ ಹಿಂದಕ್ಕೆ ನೋಡಿದರೆ ಕಣಿವೆ ಪೂರ್ತಿ ಕಾಣುತ್ತಿತ್ತು: ಹೊಳೆ, ಹೊಳೆಯ ಎರಡೂ ಕಡೆ ಕೊಯ್ಲಿಗೆ ಬಂದ ರಾಗಿ, ದೊಡ್ಡಿಯ ಆ ನಾಲ್ಕಾರು ಹೆಂಚಿನ ಮಾಡುಗಳು. ಈ ಜಾಗಕ್ಕೆ ಬಂದಾಗಲೆಲ್ಲ ಗಿರಿಜಾ ನಿಂತು ನೋಡಿ ಹಿಗ್ಗುತ್ತಿದ್ದಳು. ಇವತ್ತು ಕಣ್ಣು ಅಲ್ಲಿ ನಿಲ್ಲಲಿಲ್ಲ. ಪ್ರತಿ ತಿರುವಿನಲ್ಲೂ ತನ್ನದೇ ಕೆಂಪು ಬಾಣ ಎದುರಾಗುತ್ತದೆಂಬ ಹೆದರಿಕೆಯಲ್ಲಿ ಅವಳು ನೆಲ ನೋಡುತ್ತಾ ನಡೆದಳು.

ಗಂಡಿನ ತಂದೆ ಚನ್ನಕೇಶವ ಪಾಳ್ಯದ ದೊಡ್ಡ ಮನೆಯವನು. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಪಾಪಮ್ಮನನ್ನು ನೋಡಿ ಎದ್ದು ನಿಂತರೂ ಮುಖ ಸಡಿಲಿಸಲಿಲ್ಲ. ಗಿರಿಜಾ ಹೇಳಿದ್ದನ್ನೆಲ್ಲ ಕೇಳಿ ಜೋರಾಗಿ ನಕ್ಕ.

"ಪಾಪಮ್ಮ, ಸುಳ್ಳು ಹೇಳ್ಸೋಕೆ ಪ್ಯಾಟೆಯಿಂದ ಹೆಂಗಸ್ರನ್ನ ಕರ್ಕೊಂಡ್ ಬಂದ್ಯಾ? ಬಂಡೆಗೆ ಬಣ್ಣ ಬಳ್ಯೋಕೆ ಈ ಬಿಸ್ಲಲ್ಲಿ ಯಾರಾದ್ರೂ ಬತ್ತಾರಾ? ದಾರಿ ತೋರ್ಸೋಕಂತೆ! ದಾರಿ ಕಾಲ್ಗೇ ಗೊತ್ತಾಗ್ತದೆ."

"ನನ್ನ ಮಾತು ನಂಬಬೇಡಿ" ಎಂದಳು ಗಿರಿಜಾ. "ನನ್ನ ಜೊತೆ ನಡೀರಿ. ಇಲ್ಲಿಂದ ಬೆಟ್ಟದ ಕಡೆಗಿರೋ ಒಂದೊಂದು ಬಾಣ ಎಲ್ಲಿದೆ, ಹೇಗಿದೆ ಅಂತ ನೀವು ನೋಡೋದಕ್ಕೆ ಮೊದ್ಲೇ ಹೇಳ್ತೀನಿ. ತಪ್ಪಿದ್ರೆ ಸುಳ್ಳು ಅನ್ನಿ."

ಚನ್ನಕೇಶವ ಹಗ್ಗ ಪಕ್ಕಕ್ಕಿಟ್ಟ. ಅವನ ಮಗ ಬೈಲಪ್ಪ, ಎತ್ತರದ, ಮಾತು ಕಡಿಮೆಯ ಹುಡುಗ, ಕೊಟ್ಟಿಗೆಯಿಂದ ಬಂದು ಹಿಂದೆಯೇ ಹೊರಟ.

ಗಿರಿಜಾ ಹೇಳುತ್ತಾ ಹೋದಳು. ಮುಂದಿನದು ಹುತ್ತದ ಹಿಂದಿನ ಕಲ್ಲಿನ ಮೇಲೆ, ಅದರ ತುದಿ ಸೊಟ್ಟ, ಬರೆಯುವಾಗ ಇಂದ್ರಮ್ಮ ಕೆಮ್ಮಿದ್ದಳು. ಇತ್ತು, ಸೊಟ್ಟಗೇ ಇತ್ತು. ಆಮೇಲಿನದು ಬಿದಿರ ಮೆಳೆಯ ಬಲಕ್ಕೆ, ಅದರಿಂದ ಬಣ್ಣ ಕೆಳಕ್ಕೆ ಸೋರಿದೆ. ಸೋರಿತ್ತು. ಹಳ್ಳದ ಪಕ್ಕದ್ದಕ್ಕೆ ಬಾಲವಿಲ್ಲ, ಡಬ್ಬದ ಬಣ್ಣ ಅಲ್ಲಿಗೆ ಮುಗಿದುಹೋಗಿತ್ತು. ಹಳ್ಳದ ಹತ್ತಿರ ಚನ್ನಕೇಶವ ಬಗ್ಗಿ ಆ ಬಾಲವಿಲ್ಲದ ಬಾಣವನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಲ್ಲೇ ಪೊದೆಯ ಬುಡದಲ್ಲಿ ಖಾಲಿ ಡಬ್ಬವೂ ಬಿದ್ದಿತ್ತು. ಅವಳು ಅದನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಆಯ್ತು ಕಣಮ್ಮ" ಎಂದ ಕೊನೆಗೆ. "ಬಳಿದೋಳು ನೀನೇ. ಯಾಕ್ ಬಳಿದೆ ಅಂತ ಮಾತ್ರ ನಂಗೆ ಸತ್ರೂ ತಿಳಿಯಾಕಿಲ್ಲ." ಡಬ್ಬವನ್ನು ಕೈಯಲ್ಲಿ ತಿರುವಿ ನೋಡಿ ಮತ್ತೆ ಕೇಳಿದ. "ಹಂಗಾರೆ ನೀರು ಬರಾಕಿಲ್ವಾ?"

ಇಲ್ಲ ಎಂದು ಹೇಳಿಬಿಡುವುದು ಸುಲಭವಾಗಿತ್ತು. ಪಾಪಮ್ಮ ಅವಳ ಬಾಯನ್ನೇ ನೋಡುತ್ತಿದ್ದಳು.

"ಅದು ನಂಗೆ ಗೊತ್ತಿಲ್ಲ. ಈ ಗುರುತು ನೀರಿನದಲ್ಲ ಅನ್ನೋದಷ್ಟೇ ಗೊತ್ತು."

ಚನ್ನಕೇಶವ ಕಣಿವೆಯ ಕಡೆ ನೋಡುತ್ತಾ ಗಡ್ಡ ಕೆರೆದುಕೊಂಡ. "ಬಂದ್ರೆ ಎಲ್ರಿಗೂ ಬತ್ತದೆ. ನಡಿ ಪಾಪಮ್ಮ, ನಿನ್ ಗಂಡನ ಹತ್ರ ಮಾತಾಡ್ತೀನಿ."

ಎಲ್ಲರೂ ದಿಣ್ಣೆ ಹತ್ತಿ ಇಳಿದು ದೊಡ್ಡಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಮುನಿವೆಂಕಟಪ್ಪ ಚಾಪೆ ಹಾಸಿದ. ಚನ್ನಕೇಶವ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಆದದ್ದನ್ನೆಲ್ಲ ಮರೆತುಬಿಡೋಣ, ಮೊದಲಿನ ಮಾತೇ ಇರಲಿ ಎಂದ. ಗಿರಿಜಾಳ ಎದೆಯಿಂದ ಒಂದು ಭಾರ ಇಳಿಯಿತು. ಇಂದ್ರಮ್ಮ ಬಸ್ಸಿನ ಹೊತ್ತಾಯಿತೆಂದು ಸನ್ನೆ ಮಾಡುತ್ತಿದ್ದಳು.

ಆಗ ಒಳಗಿನಿಂದ ಮುನಿತಾಯಮ್ಮ ಬಂದಳು. ಕಣ್ಣು ಊದಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು, ಯಾರನ್ನೂ ನೋಡದೆ ಹೇಳಿದಳು.

"ನಂಗೆ ಈ ಮದ್ವೆ ಬ್ಯಾಡ."

"ಒಳೀಕ್ ನಡಿಯೇ!" ಎಂದು ಪಾಪಮ್ಮ ಎದ್ದಳು.

"ಬ್ಯಾಡವ್ವ. ಬಂಡೆ ಮ್ಯಾಗಿನ ಬಣ್ಣ ನೋಡಿ ಓಡೋದೋರು, ನಾಳೆ ನಂಗೊಂದು ಜ್ವರ ಬಂದ್ರೂ ತಂದು ಬುಟ್ಟೋಯ್ತಾರೆ. ಹೊಲ ಇದ್ರೆ ಹೆಣ್ಣು, ಹೊಲ ಇಲ್ದಿದ್ರೆ ಮಣ್ಣಾ?"

ಚನ್ನಕೇಶವನ ಮುಖ ಕಪ್ಪಿಟ್ಟಿತು. ಬೈಲಪ್ಪ ನೆಲ ನೋಡುತ್ತಾ ನಿಂತಿದ್ದ. ಮುನಿವೆಂಕಟಪ್ಪ ಮಗಳ ಮೇಲೆ ಕೈ ಎತ್ತಲು ಹೋದಾಗ ಇಂದ್ರಮ್ಮ ಅಡ್ಡ ಬಂದು, "ಹೊಡೀಬೇಡಿ ಅಣ್ಣ, ಮೊದಲೇ ನೊಂದಿದೆ ಮಗು" ಎಂದು ಅವಳನ್ನು ಒಳಗೆ ಕರೆದೊಯ್ದಳು. ತಂದೆ ಮಗ ಇಬ್ಬರೂ ಬಂದ ದಾರಿ ಹಿಡಿದರು. ಯಾರೂ ಗಿರಿಜಾಳನ್ನು ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕ್ಲಬ್ಬಿನವರಿಗೆ ದಾರಿ ಸರಿಯಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದುಬಿಟ್ಟಳು. ಅವರು ಬೇಸರಪಟ್ಟುಕೊಂಡು ನಂದಿಬೆಟ್ಟಕ್ಕೆ ಬಸ್ಸು ಗೊತ್ತುಮಾಡಿದರು. ಮನೆಯಲ್ಲಿ ಸಾರು ಕುದಿಯಲಿಟ್ಟು ಅಂಗಳಕ್ಕೆ ಹೋಗುವಳು, ಅಂಗಳದಿಂದ ಬೀದಿಗೆ, ಬೀದಿಯಿಂದ ಮತ್ತೆ ಒಲೆಯ ಮುಂದಕ್ಕೆ. ಒಂದು ಸಂಜೆ ಜಂಬಣ್ಣನೇ ರೇಡಿಯೋ ಆರಿಸಿ ಕೇಳಿದ. ಅವಳು ಎಲ್ಲವನ್ನೂ ಹೇಳಿದಳು.

"ನೀ ಮಾಡಿದ್ದ ತಪ್ಪು ನೀನ ಒಪ್ಪಿದಿ. ಇನ್ನೇನ್ ಮಾಡಾಕ ಬರ್ತದ?" ಎಂದ ಅವನು.

"ಆ ಗುರುತು ಇನ್ನೂ ಅಲ್ಲೇ ಇದಾವಲ್ರೀ. ನೋಡಿದೋರು ಮತ್ತೆ ಏನಾದ್ರೂ ಅಂದ್ಕೋತಾರೆ. ಅಳಿಸಬೇಕು. ಇಂದ್ರಮ್ಮನ ಕಾಲು ಬಾತಿದೆ, ಬರೋಕಾಗಲ್ಲ. ಒಬ್ಳೇ ಹೋಗ್ತೀನಿ."

"ಒಬ್ಬಾಕಿ ಯಾಕ ಹೋಗ್ತಿ?" ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಶಾಂತವ್ವ ಹೇಳಿದಳು. "ನಾ ಬರ್ತೀನಿ."

"ನಿಮಗೆ ಆಗಲ್ಲ ಅತ್ತೆ. ಕಲ್ಲುಮುಳ್ಳು, ಏರು ದಾರಿ."

"ಶ್ರೀಶೈಲಕ್ಕ ಮೂರು ಸಲ ನಡಕೋತ ಹೋಗಿ ಬಂದಾಕಿ ನಾ. ಅಂಗಾಲಾಗ ಬೊಬ್ಬಿ ಎದ್ರ ಎಣ್ಣಿ ಹಚಗೊಂಡು ನಡದೇವಿ. ನಿನ್ನ ಗುಡ್ಡಾ ಏನ್ ಮಹಾ?"

ಅವರು ಮುಂಜಾನೆಯ ಬಸ್ಸಿಗೆ ಹೊರಟರು. ಸೀಮೆಎಣ್ಣೆಯ ಬಾಟಲಿ, ತೆಂಗಿನ ನಾರು, ಕಾರ್ಖಾನೆಯಿಂದ ತಂದ ತಂತಿಯ ಬ್ರಷ್ಷು, ರೊಟ್ಟಿಯ ಗಂಟು. ಹೊಳೆಯಲ್ಲಿ ಶಾಂತವ್ವ ಸೀರೆ ಎತ್ತಿ ಕಟ್ಟಿಕೊಂಡು ಕೈ ಹಿಡಿಸಿಕೊಳ್ಳದೆ ದಾಟಿದಳು. ಬಂಡೆಯಿಂದ ಬಂಡೆಗೆ ಸೀಮೆಎಣ್ಣೆ ಸುರಿದು ಇಬ್ಬರೂ ತಿಕ್ಕಿದರು. ಒರಟು ಕಲ್ಲಿನ ಸಂದಿಯಲ್ಲಿ ಕುಳಿತ ಬಣ್ಣ ಸುಲಭಕ್ಕೆ ಬಿಡಲಿಲ್ಲ. ಗಿರಿಜಾಳ ಬೆರಳ ಗಂಟುಗಳು ತರಚಿ ಉರಿದವು. ಶಾಂತವ್ವ ಬೈಯುತ್ತಾ ತಿಕ್ಕಿದಳು; ಸೊಸೆಯನ್ನಲ್ಲ, ಬಣ್ಣವನ್ನು.

ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂತಾಗ ಅವಳು ಇದ್ದಕ್ಕಿದ್ದಂತೆ ಹೇಳಿದಳು. "ನನಗೂ ಮದಿವಿ ಆಗಿ ಒಂಬತ್ತು ವರ್ಷ ಏನೂ ಇರಲಿಲ್ಲ. ಆವಾಗನ ನಾ ಶ್ರೀಶೈಲಕ್ಕ ನಡದಿದ್ದು. ಮಗಾ ಬೇಕಂತ ಬೇಡ್ಕೊಳ್ಳಾಕ ಅಂತ ಎಲ್ಲಾರ್ಗೂ ಹೇಳ್ದೆ. ಖರೇ ಅಂದ್ರ ಮನ್ಯಾಗ ಇರಾಕ ಆಗ್ತಿರಲಿಲ್ಲ." ಅಷ್ಟು ಹೇಳಿ ಎದ್ದು ಮುಂದಿನ ಬಂಡೆಗೆ ಹೋದಳು. ಗಿರಿಜಾ ಅವಳ ಹಿಂದೆಯೇ ಹೋದಳು. ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾನೂ ತಿಕ್ಕತೊಡಗಿದಳು.

ದೊಡ್ಡಿಯ ಕಣದ ಬಂಡೆಗೆ ಬಂದಾಗ ಪಾಪಮ್ಮ ಮೊರ ಹಿಡಿದು ನಿಂತಿದ್ದಳು. ಅವರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೊರ ಕೆಳಗಿಟ್ಟು, ಒಂದು ಹಿಡಿ ಮರಳು ತಂದು ಬಂಡೆಯ ಮೇಲೆ ಸುರಿದು, ತಾನೂ ತಿಕ್ಕಲು ಕೂತಳು.

"ಬೈಲಪ್ಪ ಬಂದಿದ್ದ" ಎಂದಳು, ತಲೆ ಎತ್ತದೆ.

"ಯಾವಾಗ?"

"ಅಪ್ಪಂಗೆ ಹೇಳ್ದಂಗೆ ಒಬ್ನೇ ಬಂದಿದ್ದ, ದಿಣ್ಣೆ ಹತ್ತಿ. ಮಳೆ ಹುಯ್ತಿತ್ತು, ತೊಪ್ಪೆಯಾಗಿದ್ದ. ಜಗುಲಿ ಮ್ಯಾಲೂ ಹತ್ನಿಲ್ಲ. ಅಂಗಳ್ದಾಗೇ ನಿಂತು, ಹೊಲ ನಂಗೆ ಬ್ಯಾಡ, ನಮ್ಮಪ್ಪನ್ ಮಾತು ನಂದಲ್ಲ, ಅವತ್ತು ನಾನು ಬಾಯಿ ಬಿಡ್ದೆ ನಿಂತಿದ್ದು ತಪ್ಪಾಯ್ತು ಅಂದ. ಇವ್ಳು ಒಳಗಿಂದ್ಲೇ ಹೋಗು ಅಂದ್ಳು. ಹೋದ. ಎರಡು ದಿನ ಬುಟ್ಟು ಮತ್ತೆ ಬಂದ."

"ಮತ್ತೆ?"

"ಮೂರ್ನೇ ಸಲ ಬಂದಾಗ ಕುಡಿಯೋಕ್ ನೀರು ಕೊಟ್ಳು." ಪಾಪಮ್ಮನ ತುಟಿಯಲ್ಲಿ ನಗು ಕಂಡೂ ಕಾಣದಂತೆ ಬಂದು ಹೋಯಿತು. "ಚನ್ನಕೇಶವಣ್ಣ ಕುಣುದಾಡ್ದ. ಆಮ್ಯಾಕೆ ಸುಮ್ಕಾದ. ಸಂಕ್ರಾಂತಿ ಕಳ್ದ ಮ್ಯಾಲೆ ಮಾಡ್ತೀವಿ. ಬಾ. ಕೇಳ್ದೆ ಬಣ್ಣ ಗಿಣ್ಣ ತರ್ಬೇಡ."

ಮದುವೆಗೆ ಗಿರಿಜಾ, ಶಾಂತವ್ವ, ಕಾಲು ವಾಸಿಯಾದ ಇಂದ್ರಮ್ಮ ಎಲ್ಲ ಹೋದರು. ಜಂಬಣ್ಣನೂ ಬಂದ, ಪಾಲಿಶ್ ಮಾಡಿದ ಬೂಟು ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಎರಡು ಸಲ ಜಾರಿ ಹೊಳೆ ದಾಟಿದ. ಚಪ್ಪರದ ಕೆಳಗೆ ಊಟವಾಯಿತು. ಯಾರೋ ಗಿರಿಜಾಳನ್ನು ತೋರಿಸಿ, "ಆ ಬಣ್ಣದಮ್ಮ ಇವ್ರೇ" ಎಂದು ಪಿಸುಗುಟ್ಟಿದರು. ಅವಳು ಕೇಳಿಸಿಕೊಂಡೂ ಸುಮ್ಮನೆ ಎಲೆಯ ಮೇಲಿನ ಅನ್ನ ಕಲಸಿದಳು.

ಮಧ್ಯಾಹ್ನ ಹೆಣ್ಣು ಕಳಿಸುವ ಹೊತ್ತು. ದಿಣ್ಣೆಯಾಚೆಗೆ ಬಂಡಿ ಹೋಗುವ ದಾರಿ ಇರಲಿಲ್ಲ, ಎಲ್ಲರೂ ನಡೆದೇ ಹೊರಟರು. ಮುಂದೆ ವಾಲಗ, ಹಿಂದೆ ಮಡಿಲಕ್ಕಿ ಕಟ್ಟಿಕೊಂಡ ಮುನಿತಾಯಮ್ಮ, ಪಕ್ಕದಲ್ಲಿ ಬೈಲಪ್ಪ, ಟ್ರಂಕು ಹೊತ್ತವರು, ಅಳುತ್ತಾ ನಗುತ್ತಾ ಹೆಂಗಸರು. ಗಿರಿಜಾ ಚಪ್ಪರದಲ್ಲಿ ಒಂದು ಕ್ಷಣ ಕೂತಳು. ಮತ್ತೆ ಎದ್ದಳು.

"ಎಲ್ಲಿಗೆ? ನಾಕು ಗಂಟೆ ಬಸ್ಸು ತಪ್ಪತದ!" ಎಂದ ಜಂಬಣ್ಣ.

"ಸ್ವಲ್ಪ ದೂರ ಹೋಗಿ ಬರ್ತೀನಿ ರೀ."

ಅವಳು ದಿಬ್ಬಣದ ಕೊನೆಗೆ ಸೇರಿಕೊಂಡು ದಿಣ್ಣೆಯ ಬೆನ್ನಿನ ತನಕ ಏರಿದಳು. ಅಲ್ಲಿಂದ ಆಚೆಗೆ ಜನ ಬಿದಿರ ಮೆಳೆಗಳ ನಡುವೆ ಇಳಿಯುತ್ತಾ ಹೋದರು. ಮುನಿತಾಯಮ್ಮ ಒಮ್ಮೆ ತಿರುಗಿ ತನ್ನ ಮನೆಯ ಕಡೆ ನೋಡಿ, ಮತ್ತೆ ಮುಂದಕ್ಕೆ ಹೆಜ್ಜೆ ಹಾಕಿದಳು. ವಾಲಗದ ಸದ್ದು ಕ್ಷೀಣವಾಗುವವರೆಗೂ ಗಿರಿಜಾ ನಿಂತಿದ್ದಳು. ಪಾಳ್ಯದ ಆಚೆ ಇನ್ನೊಂದು ಗುಡ್ಡದ ಸಾಲು, ಅದರ ಹಿಂದೆ ಇನ್ನೂ ಮಸುಕಾಗಿ ಇನ್ನೊಂದು. ಅವುಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಬಸ್ಸು ತಪ್ಪಿತು. ಇಂದ್ರಮ್ಮ ಮತ್ತು ಶಾಂತವ್ವ ಅದರಲ್ಲೇ ಹೊರಟುಹೋಗಿದ್ದರು. ಜಂಬಣ್ಣ ಮಾತ್ರ ಹೊಳೆಯ ದಡದಲ್ಲಿ ಬಂಡೆಯ ಮೇಲೆ ಕೂತು ಕಾಯುತ್ತಿದ್ದ. ಬೈಯಲಿಲ್ಲ. ಬೇರೆ ದಾರಿ ಹಿಡಿದು ದೊಡ್ಡ ರಸ್ತೆಗೆ ಹೋದರೆ ಮುಂದಿನ ಬಸ್ಸು ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಇಬ್ಬರೂ ರಾಗಿ ಕೊಯ್ದ ಹೊಲಗಳ ನಡುವಿನ ದಾರಿಯಲ್ಲಿ ನಡೆಯತೊಡಗಿದರು. ಅವನ ಬೂಟು ಹಿಮ್ಮಡಿ ಕಚ್ಚುತ್ತಿತ್ತು, ಕುಂಟುತ್ತಿದ್ದ.

"ಇನ್ನೂ ಎಷ್ಟು ದೂರ ಅದ?" ಎಂದ.

"ಗೊತ್ತಿಲ್ಲ. ಈ ಕಡೆಯಿಂದ ನಾನೂ ಬಂದಿಲ್ಲ."

ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಬೆಚ್ಚಗಿನ ಮಣ್ಣಿನ ಮೇಲೆ ಬರಿಗಾಲಿಟ್ಟು ಒಂದೆರಡು ಹೆಜ್ಜೆ ಪರೀಕ್ಷೆ ಮಾಡಿದವನಂತೆ ನಡೆದು, ಆಮೇಲೆ ಅವಳಿಗಿಂತ ತುಸು ಮುಂದೆಯೇ ಹೊರಟ. ಗಿರಿಜಾ ಬೇಗ ಬೇಗ ಹೆಜ್ಜೆ ಹಾಕಿ ಅವನ ಜೊತೆ ಸೇರಿದಳು.